ರೈಲು ಬರಲಿಲ್ಲ, ಅಷ್ಟೇ!

ನಮಸ್ಕಾರ. ಇವತ್ತು ಬೇರೆ ವಿಷಯ ಇಟ್ಟುಕೊಂಡಿದ್ದೆ. ಆದರೆ ಹೋದ ಸಂಚಿಕೆಗೆ ಒಬ್ಬರು ಕಾಮೆಂಟ್ ಹಾಕಿದ್ದಾರೆ: "ಬೆರಳೆಣಿಕೆ ಜನ ಇರೋ ಊರಿಗೆ ಇಪ್ಪತ್ತು ನಿಮಿಷದ ವಿಡಿಯೋನಾ? ಊರು ನಡೆಸೋಕೆ ಬರಲಿಲ್ಲ, ಮುಳುಗಿತು." ಕಾಫಿ ಲೋಟ ಹಾಗೇ ಕೆಳಗಿಟ್ಟೆ.

ಸ್ವಾಮಿ, ಆ ಊರು ನಿಕೋಡಿಮಸ್. ಅಮೆರಿಕದ ಕಾನ್ಸಾಸ್ ರಾಜ್ಯ, ಗ್ರಹಾಂ ಕೌಂಟಿ. 1877ರಲ್ಲಿ ಕಟ್ಟಿದ್ದು. ಕಟ್ಟಿದವರು ಗುಲಾಮಗಿರಿಯಿಂದ ಬಿಡುಗಡೆಯಾಗಿ ಹನ್ನೆರಡು ವರ್ಷ ಆಗಿದ್ದ ಕಪ್ಪು ಜನ. ಕೆಂಟಕಿಯಿಂದ ಎಲ್ಲಿಸ್ ತನಕ ರೈಲು, ಅಲ್ಲಿಂದ ಮುಂದೆ ಕಾಲ್ನಡಿಗೆ. ಬಂದು ನೋಡಿದರೆ ಊರೇ ಇಲ್ಲ! ಬಯಲು. ನೆಲ ತೋಡಿ ಅದರೊಳಗೆ ಸಂಸಾರ ಹೂಡಿದರು. ಮನೆ ಎಲ್ಲಿ ಅಂದರೆ, ನೆಲದಿಂದ ಹೊಗೆ ಏಳುತ್ತಲ್ಲ, ಅಲ್ಲಿ. ಹಲವರು ವಾಪಸ್ ಹೋದರು. ನಾನಾಗಿದ್ದರೆ ಮೊದಲ ದಿನವೇ ಹೋಗುತ್ತಿದ್ದೆ. ಉಳಿದವರಿಗೆ ಆ ಚಳಿಗಾಲ ಅಮೆರಿಕದ ಮೂಲನಿವಾಸಿಗಳಾದ ಓಸೇಜ್ ಬುಡಕಟ್ಟಿನ ಬೇಟೆಗಾರರು ಮಾಂಸ ಕೊಟ್ಟರು.

ಹತ್ತು ವರ್ಷದಲ್ಲಿ ಅಲ್ಲಿ ಚರ್ಚು, ಶಾಲೆ, ಹೋಟೆಲು, ಬ್ಯಾಂಕು, ಎರಡು ಪತ್ರಿಕೆ! ನಮ್ಮೂರಿಗೆ ಇವತ್ತಿಗೂ ಪೇಪರ್ ಬರೋದು ಮಧ್ಯಾಹ್ನದ ಬಸ್ಸಿಗೆ. ಅಲ್ಲೇ ನೆಲೆಸಿದ್ದ ಇ. ಪಿ. ಮೆಕೇಬ್ 1882ರಲ್ಲಿ ಇಡೀ ರಾಜ್ಯದ ಆಡಿಟರ್ ಆಗಿ ಗೆದ್ದರು. ಇವರಿಗೆ ಊರು ನಡೆಸೋಕೆ ಬರಲ್ವಾ?

ರೈಲು ಬರಲಿಲ್ಲ. ಅಷ್ಟೇ. 1887ರಲ್ಲಿ ಊರವರು 16,000 ಡಾಲರ್ ಬಾಂಡ್‌ಗೆ, ಅಂದರೆ ಊರಿನ ಹೆಸರಲ್ಲಿ ಸಾಲ ಎತ್ತೋದಕ್ಕೆ, ವೋಟು ಹಾಕಿ ಮಿಸೌರಿ ಪೆಸಿಫಿಕ್ ರೈಲು ಕಂಪನಿಯನ್ನು ಕರೆದರು. ಬರಲಿಲ್ಲ. ಮರುವರ್ಷ ಯೂನಿಯನ್ ಪೆಸಿಫಿಕ್ ಹಳಿ ಹಾಕಿತು, ಸಾಲೊಮನ್ ನದಿಯ ಆಚೆ ದಡದಲ್ಲಿ! ವ್ಯಾಪಾರವೆಲ್ಲ ಆಚೆ ಹಳಿ ಪಕ್ಕದ ಬೋಗ್ ಅನ್ನೋ ಊರಿಗೆ ಹೋಯಿತು.

"ಸರ್, ಬರಗಾಲವೂ ಕಾರಣ ಅಲ್ವಾ?" ಅಂತ ಇನ್ನೊಬ್ಬ ಪಂಡಿತರು. ಹೌದು, 1930ರ ದಶಕದ ಧೂಳು ಬಿರುಗಾಳಿಯೂ ಹೊಡೆಯಿತು. ಸರಿ, ಬರ ಬೋಗ್ ಬಿಟ್ಟು ನಿಕೋಡಿಮಸ್‌ಗೆ ಮಾತ್ರ ಬಂತಾ? ಮುಂದೆ ಹೋಗೋಣ.

ಅಂದಹಾಗೆ ಬೆಲ್ ಒತ್ತಿದ್ದೀರಾ? "ರೈಲು ಬರಲಿಲ್ಲ" ಅಂತ ಬರೆಸಿದ ಮಗ್ ಕೂಡ ಮಾಡಿಸಿದ್ದೇನೆ. ಕೊರಿಯರ್ ತಡವಾದರೆ ನನ್ನ ಬೈಬೇಡಿ.

ಮತ್ತೆ ಮುಳುಗಿತು ಅಂತೀರಲ್ಲ, ಪ್ರತಿ ವರ್ಷ ಜುಲೈ ಕೊನೆಗೆ ಮೊದಲು ಬಂದವರ ಮರಿಮೊಮ್ಮಕ್ಕಳು ಎಲ್ಲೆಲ್ಲಿಂದಲೋ ಅಲ್ಲಿಗೆ ಬರುತ್ತಾರೆ. ಬಿಡುಗಡೆಯ ಹಬ್ಬ. ಮೆರವಣಿಗೆ, ಊಟ, ಚರ್ಚು. ನಾವು ಜಾತ್ರೆಗೆ ಅಂತ ಊರಿಗೆ ಬಸ್ ಹತ್ತಲ್ವಾ, ಹಾಗೆ. 1996ರಲ್ಲಿ ಅದು ರಾಷ್ಟ್ರೀಯ ಐತಿಹಾಸಿಕ ತಾಣವೂ ಆಯಿತು. ಮುಳುಗಿದ ಊರಿಗೆ ಯಾರಾದ್ರೂ ಮೆರವಣಿಗೆ ಮಾಡ್ತಾರಾ?

ರೈಲು ಬರಲಿಲ್ಲ ಕಣ್ರೀ! ಬರಲಿಲ್ಲ! ಇನ್ನೊಂದು ಪುಟ ಬರೆದಿಟ್ಟಿದ್ದೆ, ಸಿಗ್ತಾ ಇಲ್ಲ. ಅದರಲ್ಲೂ ಇದೇ ಇತ್ತು. ಕಾಮೆಂಟ್ ಹಾಕಿದ ಮಹಾನುಭಾವರೇ, ಮಗ್ ನಿಮಗೂ ಒಂದು ಕಳಿಸಲಾ?