ಮಾವನ ಹೋಟೆಲಿಗೆ ಬರುವ ಫೋನು

ಕೇಳಿಸ್ತಾ ಇದ್ಯಾ? ಅದು ತಗಡಿನ ಮೇಲೆ ಬೀಳ್ತಿರೋ ಮಳೆ. ನಾನು ಮೂರ್ನಾಡಿನಲ್ಲಿದ್ದೇನೆ. ಮಡಿಕೇರಿಯಿಂದ ವಿರಾಜಪೇಟೆಗೆ ಹೋಗುವಾಗ ನಡುವೆ ಸಿಗುವ ಊರು. ಜುಲೈ ಕೊನೆಯ ವಾರ. ಇಲ್ಲಿ ನಮ್ಮ ಮಾವನದೊಂದು ಊಟದ ಹೋಟೆಲ್ ಇದೆ. 9 ಟೇಬಲ್, ಗಲ್ಲಾದಲ್ಲಿ ಮಾವ, ಒಲೆ ಮುಂದೆ ಅತ್ತೆ.

ನಾನು ಬೆಂಗಳೂರಿನಲ್ಲಿ ವೆಬ್‌ಸೈಟ್ ಕೆಲಸ ಮಾಡುವವಳು. "ಸೈಟ್ ಏನೋ ಇದೆ, ಅದನ್ನ ನೋಡಿ ಒಬ್ರೂ ಬರಲ್ಲ, ನೀನೊಂದ್ಸಲ ನೋಡು" ಅಂತ ಮಾವ ಹೇಳಿ ಒಂದು ವರ್ಷವೇ ಆಗಿತ್ತು. ಈಗ ನಾಲ್ಕು ದಿನ ರಜೆ ಹಾಕಿ ಬಂದಿದ್ದೇನೆ.

ಮೊದಲ ದಿನ ಲ್ಯಾಪ್‌ಟಾಪ್ ತೆಗೆಯಲೇ ಇಲ್ಲ. ಗಲ್ಲಾ ಪಕ್ಕ ಒಂದು ಸ್ಟೂಲ್ ಹಾಕಿಕೊಂಡು ಕೂತೆ. ಮಾವನಿಗೆ ಬಂದ ಒಂದೊಂದು ಫೋನನ್ನೂ ಹಳೇ ಬಿಲ್ ಪುಸ್ತಕದ ಹಿಂದೆ ಬರೆದುಕೊಂಡೆ. ಇದೇ ನೋಡಿ ಆ ಪುಸ್ತಕ. ಸಾರಿನ ಕಲೆ ನನ್ನದೇ.

ಮೊದಲ ಫೋನು, "ರೂಮ್ ಇದ್ಯಾ ಸಾರ್?" ಎರಡನೆಯದು, "ಡಬಲ್ ರೂಮಿಗೆ ಎಷ್ಟು?" ಸಂಜೆಯೊಳಗೆ ಇಂಥವು ಆರು. ಮಾವ ಸಿಟ್ಟಾಗಿದ್ದರು. "ಹೋಟೆಲ್ ಅಂತ ಬೋರ್ಡ್ ಇದ್ದರೂ ರೂಮ್ ಕೇಳ್ತಾರಲ್ಲ!"

ನನಗೆ ನಗು ಬಂತು. ನಮಗೆ ಹೋಟೆಲ್ ಅಂದ್ರೆ ಊಟ, ತಿಂಡಿ, ಕಾಫಿ. ಗೂಗಲ್‌ಗೆ ಹೋಟೆಲ್ ಅಂದ್ರೆ ತಂಗುವ ಜಾಗ. ಮ್ಯಾಪ್‌ನಲ್ಲಿ ಮಾವನ ಅಂಗಡಿಯನ್ನು ಯಾರೋ 'ಹೋಟೆಲ್' ಅನ್ನುವ ವರ್ಗಕ್ಕೆ ಸೇರಿಸಿದ್ದರು. ಹಸಿದವರು ಹುಡುಕಿದಾಗ ಸಿಗಬೇಕಾದ ಜಾಗ, ನಿದ್ದೆ ಬಂದವರಿಗೆ ಸಿಗ್ತಾ ಇತ್ತು. ಅದನ್ನು ರೆಸ್ಟೋರೆಂಟ್ ಅಂತ ಬದಲಾಯಿಸುವುದಕ್ಕೆ ಹಿಡಿದದ್ದು ಐದು ನಿಮಿಷ. ಈ ನಾಲ್ಕು ದಿನದಲ್ಲಿ ಮಾಡಿದ ಕೆಲಸಗಳಲ್ಲಿ ದೊಡ್ಡದು ಇದೇ ಅಂತ ನನಗನಿಸುತ್ತದೆ. ಅದು ವೆಬ್‌ಸೈಟಿನ ಕೆಲಸವೇ ಅಲ್ಲ, ಅದು ಬೇರೆ ಮಾತು.

ಉಳಿದ ಫೋನುಗಳು? "ಇವತ್ತು ಪಂದಿಕರಿ ಇದ್ಯಾ?" ಅಂದ್ರೆ ಕೊಡಗಿನ ಹಂದಿ ಮಾಂಸದ ಅಡುಗೆ. "ವೆಜ್ ಸಿಗುತ್ತಾ?" "ಈಗ ತೆರೆದಿದ್ದೀರಾ?" "ಟೆಂಪೋ ಟ್ರಾವೆಲರ್ ನಿಲ್ಲಿಸೋಕೆ ಜಾಗ ಇದ್ಯಾ?" ಆಮೇಲೆ, "ರಸ್ತೆ ಸರಿ ಇದ್ಯಾ?" 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದದ್ದನ್ನು ಯಾರೂ ಮರೆತಿಲ್ಲ. ಮಳೆ ಜೋರಾದರೆ ಊಟಕ್ಕಿಂತ ಮೊದಲು ರಸ್ತೆ ಕೇಳುತ್ತಾರೆ.

ರಾತ್ರಿ ಸೈಟ್ ತೆರೆದೆ. ಈ ಪ್ರಶ್ನೆಗಳಲ್ಲಿ ಒಂದಕ್ಕಾದರೂ ಅಲ್ಲಿ ಉತ್ತರ ಇರಬೇಕಲ್ವಾ? ಒಂದಕ್ಕೂ ಇಲ್ಲ. ಮೊದಲು ಮಂಜಿನ ಫೋಟೋ. ಆಮೇಲೆ ಅಬ್ಬಿ ಜಲಪಾತ. ಅದಕ್ಕೂ ಈ ಹೋಟೆಲಿಗೂ ಏನು ಸಂಬಂಧವೋ! ಆಮೇಲೆ ಒಂದು ಕೊಳಲಿನ ಸಂಗೀತ, ನಿಲ್ಲಿಸಲು ಬಟನ್ನೇ ಇಲ್ಲ. ಪುತ್ತರಿ ಅಂದ್ರೆ ಕೊಡಗಿನ ಸುಗ್ಗಿ ಹಬ್ಬ, 'ಪುತ್ತರಿ ವಿಶೇಷ' ಅನ್ನುವ ಪಟ್ಟಿ ಹೋದ ವರ್ಷದಿಂದ ಹಾಗೇ ಓಡ್ತಾ ಇದೆ. ಮೆನು ಬೇಕಾದರೆ ಒಂದು ಪಿಡಿಎಫ್. ಕಾಗದವನ್ನು ಸ್ಕ್ಯಾನ್ ಮಾಡಿ ಹಾಕಿದ್ದು, 14 ಎಂಬಿ. ಇಲ್ಲಿ ಮಳೆಗಾಲದಲ್ಲಿ ಕರೆಂಟ್ ಹೋದರೆ ಹಿಂದೆಯೇ ನೆಟ್‌ವರ್ಕೂ ಹೋಗುತ್ತದೆ. ಒಂದು ಕಡ್ಡಿ ಸಿಗ್ನಲ್ ಹಿಡಿದುಕೊಂಡು ಹಸಿದು ನಿಂತವನು ಆ 14 ಎಂಬಿ ಇಳಿಯುವ ತನಕ ಕಾಯ್ತಾನಾ? ಮುಂದಿನ ಊರಿಗೆ ಹೋಗ್ತಾನೆ.

ಅದಕ್ಕೇ ಮಂಜನ್ನು ತೆಗೆದೆ. ಮಾವನಿಗೆ ಬೇಜಾರಾಯಿತು, "ಅದು ಚೆನ್ನಾಗಿತ್ತಲ್ಲ" ಅಂದರು. ಮಂಜು ನೋಡೋಕೆ ಇಲ್ಲಿಗೆ ಬಂದವರು ಕಿಟಕಿ ತೆಗೆದರೆ ಸಾಕು ಮಾವ, ಅಂದೆ.

ಈಗ ಸೈಟ್ ತೆರೆದ ತಕ್ಷಣ ಕಾಣುವುದು ಬರೀ ಅಕ್ಷರ. ತೆರೆದಿದೆಯಾ, ಎಷ್ಟು ಹೊತ್ತಿನ ತನಕ, ಒತ್ತಿದರೆ ಫೋನ್ ಹೋಗುವ ನಂಬರ್, ದಾರಿ ತೋರಿಸುವ ಮ್ಯಾಪ್. ಫೋಟೋ ಆಮೇಲೆ. ಪುಟದ ಮುಖ್ಯ ಭಾಗ ಎರಡೂವರೆ ಸೆಕೆಂಡಿನೊಳಗೆ ಕಾಣಿಸಿದರೆ ಒಳ್ಳೆಯದು ಅನ್ನುತ್ತದೆ ಗೂಗಲ್. ಅಕ್ಷರ ಹಗುರ, ಬೇಗ ಬರುತ್ತದೆ. ಫೋಟೋಗಳನ್ನು ವೆಬ್‌ಪಿ ಅನ್ನುವ ಹಗುರ ಫೈಲ್ ಮಾಡಿ ಸಣ್ಣದಾಗಿಸಿದೆ.

ಮೆನು ಟೈಪ್ ಮಾಡುವುದು ಮಾತ್ರ ತಲೆನೋವು. ಮೂಲ ಫೈಲ್ ಕನ್ನಡ ಟೈಪಿಂಗಿನ ಹಳೇ 'ನುಡಿ' ಸಾಫ್ಟ್‌ವೇರಿನಲ್ಲಿತ್ತು. ಕಾಪಿ ಮಾಡಿ ಹಾಕಿದರೆ ಕಡುಬು ಹೋಗಿ ಏನೇನೋ ಚಿಹ್ನೆ ಬರುತ್ತದೆ. ಎಲ್ಲಾ ಫೋನಿನಲ್ಲೂ ಕಾಣುವ ಯೂನಿಕೋಡ್‌ಗೆ ಬದಲಾಯಿಸಿ, ತಪ್ಪಾದ ಒತ್ತಕ್ಷರಗಳನ್ನು ಒಂದೊಂದೇ ತಿದ್ದಿದೆ. ಮೈಸೂರಿನವರು ಕನ್ನಡದಲ್ಲೇ ಟೈಪ್ ಮಾಡಿ, ಇಲ್ಲಾ ಮಾತಾಡಿ ಹುಡುಕುತ್ತಾರೆ. ಹಳೇ ಸೈಟಲ್ಲಿ 'ಕೂರ್ಗ್' ಮಾತ್ರ ಇತ್ತು, 'ಕೊಡಗು' ಅನ್ನುವ ಪದ ಒಂದು ಕಡೆಯೂ ಇರಲಿಲ್ಲ.

ಪ್ರತಿ ತಿಂಡಿಗೂ ಒಂದೊಂದು ಸಾಲು ಬರೆಯಬೇಕಿತ್ತು. ಅದಕ್ಕೆ ಅಡುಗೆಮನೆಗೆ ಹೋದೆ. ಕಡಂಬುಟ್ಟು ಅಂದ್ರೆ ಅಕ್ಕಿತರಿಯ ಉಂಡೆ, ಹಬೆಯಲ್ಲಿ ಬೇಯಿಸಿದ್ದು. ನೂಪುಟ್ಟು ಅಂದ್ರೆ ಅಕ್ಕಿ ಶ್ಯಾವಿಗೆ. ಬೆಂಬಲೆ ಅಂದ್ರೆ ಕಣಿಲೆ, ಎಳೆ ಬಿದಿರು, ಮಳೆಗಾಲದಲ್ಲಿ ಮಾತ್ರ. ಪಂದಿಕರಿಯ ಫೋಟೋ ತೆಗೆದರೆ ಬರೀ ಕಪ್ಪು. ಹೊರಗಿನವರು ಸೀದು ಹೋಗಿದೆ ಅಂದುಕೊಳ್ಳುತ್ತಾರೆ ಅತ್ತೆ, ಅಂದೆ. "ಕಪ್ಪಗಿಲ್ದಿದ್ರೆ ಅದು ಪಂದಿಕರಿನೇ ಅಲ್ಲ, ಹಾಗೇ ಹಾಕು" ಅಂದರು. ಹಾಗೇ ಹಾಕಿದೆ. ಕೆಳಗೆ ಬರೆದೆ: ಈ ಬಣ್ಣ ಹುರಿದ ಮಸಾಲೆಯದು, ಕಾಚಂಪುಳಿಯದು. ಹಣ್ಣಿನ ರಸವನ್ನು ಕಪ್ಪಗೆ ಗಟ್ಟಿಯಾಗುವ ತನಕ ಕುದಿಸಿದ ಹುಳಿ ಅದು.

ಒಂದು ಜಗಳವನ್ನೂ ಹೇಳಿಬಿಡುತ್ತೇನೆ. ಸೈಟಿನ ಹೆಸರು, ಅಂದರೆ ಡೊಮೇನ್, ಮಾವನ ಹೆಸರಲ್ಲೇ ಇರಲಿಲ್ಲ. ಮಾಡಿಕೊಟ್ಟವರು ತಮ್ಮ ಇಮೇಲ್‌ನಲ್ಲಿ ನೋಂದಾಯಿಸಿಕೊಂಡಿದ್ದರು. ಅದನ್ನು ಬಿಡಿಸಿಕೊಳ್ಳಲು ಎರಡು ದಿನ, ಹನ್ನೊಂದು ಫೋನು. ನಿಮ್ಮನೆಯವರ ಅಂಗಡಿಗೂ ಸೈಟ್ ಇದ್ದರೆ, ಈ ವಿಡಿಯೋ ನಿಲ್ಲಿಸಿ ಇದನ್ನೊಂದು ಕೇಳಿ ಬನ್ನಿ.

ಕೊನೆಯದು 'ಇವತ್ತಿನ ಊಟ'. ಅತ್ತೆ ಮಾರ್ಕೆಟ್ ನೋಡಿ ಅಡುಗೆ ಮಾಡುವವರು, ಗಟ್ಟಿ ಮೆನು ಅವರಿಗೆ ಆಗಲ್ಲ. ಹಾಗಾಗಿ ಫೋನಿನಲ್ಲೇ ಒಂದು ಗೂಗಲ್ ಶೀಟ್ ಮಾಡಿಕೊಟ್ಟೆ. ಬೆಳಿಗ್ಗೆ ಅವರು ಮೈಕ್ ಒತ್ತಿ "ಬೆಂಬಲೆ ಸಾರು, ಅಕ್ಕಿ ರೊಟ್ಟಿ" ಅಂದರೆ ಸಾಕು, ಸ್ವಲ್ಪ ಹೊತ್ತಿಗೆ ಸೈಟಿನಲ್ಲಿ ಬರುತ್ತದೆ. ಆಗಸ್ಟ್ 3ಕ್ಕೆ ಕಕ್ಕಡ ಹದಿನೆಂಟು, ಅಂದ್ರೆ ಕೊಡವರ ಕಕ್ಕಡ ತಿಂಗಳಿನ ಹದಿನೆಂಟನೇ ದಿನ. ಅವತ್ತಿಗೆ ಮದ್ದುಸೊಪ್ಪಿನ ಪಾಯಸ ಅಂತ ಈಗಲೇ ಬರೆದಿಟ್ಟಿದ್ದಾರೆ.

ನಾಲ್ಕೇ ದಿನಕ್ಕೆ ಟೇಬಲ್ ತುಂಬಿತು ಅಂತ ಸುಮ್ನೆ ಹೇಳಲ್ಲ. ಅದಕ್ಕೆ ತಿಂಗಳುಗಳೇ ಬೇಕು. ಇವತ್ತು ಬೆಳಿಗ್ಗೆ ಮಾವ ಫೋನನ್ನು ತಿರುಗಿಸಿ ತಿರುಗಿಸಿ ನೋಡ್ತಾ ಇದ್ದರು. "ಕೆಟ್ಟಿದ್ಯಾ ಇದು? ರೂಮ್ ಕೇಳೋರೇ ಇಲ್ಲ."

ಹನ್ನೊಂದು ಗಂಟೆಗೆ ಫೋನ್ ಬಂತು. ಕುಶಾಲನಗರದಿಂದ ಯಾರೋ. "ಬೆಂಬಲೆ ಇದೆಯಲ್ಲ, ನಾಲ್ಕು ಜನ ಬರ್ತಿದ್ದೀವಿ, ತೆಗೆದಿಡಿ."

ಮಾವ ಫೋನಿಟ್ಟು ನನ್ನ ಮುಖ ನೋಡಿದರು. "ಇವತ್ತು ಬೆಂಬಲೆ ಅಂತ ನನಗೇ ಗೊತ್ತಿಲ್ಲ, ಅವನಿಗೆ ಯಾರು ಹೇಳಿದ್ರು?"

ಒಳಗಿನಿಂದ ಅತ್ತೆ, "ನಾನು!"