ಹಾಡಿನ ಜೊತೆ ಹೆಸರನ್ನೂ ಕಳಿಸಿ

ಎಲ್ಲರಿಗೂ ನಮಸ್ಕಾರ. ಹೊಸ ಸಂಗೀತ ಹುಡುಕೋದು ಹೇಗೆ ಅಂತ ಈ ಸಭೆಗೆ ನಾನು ಹೇಳಿಕೊಡಬೇಕಾಗಿಲ್ಲ. ನಿಮ್ಮ ಫೋನುಗಳಲ್ಲೇ ಮಾಲಿ, ಮಂಗೋಲಿಯಾ, ಬಲ್ಗೇರಿಯಾ ಎಲ್ಲವೂ ಇವೆ. ನನ್ನ ಚಿಂತೆ ಬೇರೆ. ಸಿಕ್ಕಿದ ಹಾಡನ್ನು ಹಂಚುತ್ತೇವಲ್ಲ, ಆಗ ಹಾಡಿದವರ ಹೆಸರು ದಾರಿಯಲ್ಲೇ ಉದುರಿಹೋಗುತ್ತದೆ. ‘ಯಾವುದೋ ಆಫ್ರಿಕನ್ ಹಾಡು, ಸಖತ್ತಾಗಿದೆ, ಕೇಳಿ’ ಅಂತ ಫಾರ್ವರ್ಡ್ ಮಾಡುತ್ತೇವೆ. ಆಫ್ರಿಕಾದಲ್ಲಿ ಐವತ್ತಕ್ಕೂ ಜಾಸ್ತಿ ದೇಶಗಳಿವೆ, ಸ್ವಾಮಿ!

ಸಾಲೊಮನ್ ಲಿಂಡಾ ಅವರ ಕಥೆ ನಿಮ್ಮಲ್ಲಿ ಕೆಲವರಿಗೆ ಗೊತ್ತಿರುತ್ತದೆ. ಆದರೂ ಹೇಳುತ್ತೇನೆ, ಹೇಳದೆ ಇರಲಾರೆ. ಲಿಂಡಾ ದಕ್ಷಿಣ ಆಫ್ರಿಕಾದ ಜುಲು ಗಾಯಕ. ರೆಕಾರ್ಡು ಕಂಪನಿಯೊಂದರಲ್ಲಿ ಪ್ಯಾಕಿಂಗ್ ಕೆಲಸ. 1939ರಲ್ಲಿ ತಮ್ಮ ತಂಡ ಕರೆದುಕೊಂಡು ಹೋಗಿ, ಜೋಹಾನ್ಸ್‌ಬರ್ಗ್‌ನಲ್ಲಿ ‘ಎಂಬೂಬೆ’ ಅನ್ನುವ ಹಾಡು ರೆಕಾರ್ಡ್ ಮಾಡಿದರು. ಎಂಬೂಬೆ ಅಂದರೆ ಸಿಂಹ. ಕೆಳಗೆ ಗಂಡಸರ ದಪ್ಪ ದನಿಗಳು ಒಂದೇ ಸಾಲನ್ನು ಬಿಡದೆ ಹಾಡುತ್ತಿರುತ್ತವೆ. ಅದರ ಮೇಲೆ ಲಿಂಡಾ ಕಳ್ಳದನಿಯಲ್ಲಿ, ಅಂದರೆ ಸಹಜ ದನಿಗಿಂತ ಮೇಲಿನ ತೆಳು ದನಿಯಲ್ಲಿ, ಏರುತ್ತಾರೆ, ಇಳಿಯುತ್ತಾರೆ. ಹಾಡು ಇನ್ನೇನು ಮುಗಿಯಬೇಕು, ಆಗ ಅವರ ಬಾಯಿಂದ ಒಂದು ಪುಟ್ಟ ತುಣುಕು ಬರುತ್ತದೆ. ಮೊದಲೇ ಕಟ್ಟಿಕೊಂಡು ಬಂದದ್ದಲ್ಲ, ಅಲ್ಲೇ ಹುಟ್ಟಿದ್ದು. ಕೆಲವೇ ಸೆಕೆಂಡು. ಲೋಕ ಸುತ್ತಿದ್ದು ಆ ತುಣುಕು.

ಸುಮಾರು ಹತ್ತು ವರ್ಷದ ನಂತರ ಆ ಪ್ಲೇಟು ಅಮೆರಿಕದಲ್ಲಿ ಜನಪದ ಗಾಯಕ ಪೀಟ್ ಸೀಗರ್ ಕೈಗೆ ಸಿಕ್ಕಿತು. ಅವರ ತಂಡ ಅದನ್ನು ಹಾಡಿತು. 1961ರಲ್ಲಿ ಅದಕ್ಕೆ ಇಂಗ್ಲಿಷ್ ಸಾಹಿತ್ಯ ಕೂಡಿಸಿದ ‘ದ ಲಯನ್ ಸ್ಲೀಪ್ಸ್ ಟುನೈಟ್’ ಅನ್ನು ದ ಟೋಕನ್ಸ್ ತಂಡ ಹಾಡಿತು, ಅಮೆರಿಕದಲ್ಲಿ ನಂಬರ್ ಒನ್ ಆಯಿತು. 1994ರಲ್ಲಿ ‘ದ ಲಯನ್ ಕಿಂಗ್’ ಸಿನಿಮಾಕ್ಕೂ ಬಂತು. ಈಗ ಗೊತ್ತಾಯಿತಲ್ವಾ ಯಾವ ಹಾಡು ಅಂತ? ಗುನುಗಬೇಡಿ, ನನಗೆ ಮಾತು ಮರೆತುಹೋಗುತ್ತದೆ.

ಲಿಂಡಾ 1962ರಲ್ಲಿ ಬಡತನದಲ್ಲೇ ತೀರಿಕೊಂಡರು. ಹಾಡಿನ ಹಕ್ಕಿಗೆ ಅವರಿಗೆ ಸಿಕ್ಕಿದ್ದು 10 ಶಿಲಿಂಗ್ ಅಂತ ಹೇಳುತ್ತಾರೆ. ಅವರ ಮಕ್ಕಳ ಪರವಾಗಿ ಕೋರ್ಟಿನಲ್ಲಿ ಹೋರಾಡಿ, ರಾಜಿಯಾಗಿದ್ದು 2006ರಲ್ಲಿ. ‘ಹಾಡು ಉಳಿಯಿತಲ್ಲ, ಅಷ್ಟು ಸಾಲದೇ?’ ಅನ್ನುವವರಿದ್ದಾರೆ. ಸಾಲದು. ಹೆಸರು ಹೇಳಿ.

ಹೆಸರು ಹೇಳಿದರೆ ಕೇಳುವವರಿಗೂ ಲಾಭವೇ. ಇಥಿಯೋಪಿಯಾದ ಹಳೆಯ ರೆಕಾರ್ಡುಗಳನ್ನು ಫ್ರಾನ್ಸಿನ ಫ್ರಾನ್ಸಿಸ್ ಫಾಲ್ಸೆಟೊ ಒಂದು ಸಿಡಿ ಸರಣಿಯಾಗಿ ತಂದರು. ಜೊತೆಗೊಂದು ಪುಟ್ಟ ಪುಸ್ತಕ, ಅದರಲ್ಲಿ ಯಾರು, ಏನು, ಎತ್ತ ಎಲ್ಲ ಇರುತ್ತದೆ. ಮುಲಾತು ಅಸ್ತಾತ್ಕೆ ಅನ್ನುವ ಒಂದು ಹೆಸರು ಸಿಕ್ಕರೆ ಸಾಕು. ಅವರ ವೈಬ್ರಫೋನ್ (ಲೋಹದ ಪಟ್ಟಿಗಳನ್ನು ಕೋಲಿನಿಂದ ಬಡಿದು ನುಡಿಸುವ ವಾದ್ಯ) ಹಿಡಿದು ಹೊರಟರೆ ಮಹಮೂದ್ ಅಹ್ಮದ್ ಗಾಯನ ಸಿಗುತ್ತದೆ, ಗೆಟಾಚ್ಯು ಮೆಕುರಿಯಾ ಸ್ಯಾಕ್ಸೊಫೋನ್ ಸಿಗುತ್ತದೆ. ಅಲ್ಲಿಂದ ‘ಟಿಜಿಟಾ’ ಅನ್ನುವ ಸ್ವರಶ್ರೇಣಿಗೆ ಬರುತ್ತೀರಿ. ಅದರ ಒಂದು ಬಗೆಯಲ್ಲಿ ಇರುವುದು ಸ ರಿ ಗ ಪ ದ, ನಮ್ಮ ಮೋಹನ ರಾಗದ ಐದು ಸ್ವರಗಳೇ! ಆದರೆ ಎಳೆಯುವ ರೀತಿ, ನಿಲ್ಲುವ ಜಾಗ ಪೂರ್ತಿ ಬೇರೆ. ಆ್ಯಪ್ ನಂಬಿ ಸುಮ್ನೆ ಕೂತರೆ ನಿನ್ನೆ ಕೇಳಿದ್ದರಂಥದ್ದನ್ನೇ ಅದು ಇವತ್ತೂ ಬಡಿಸುತ್ತದೆ.

ಸಮಯ ಆಯಿತು ಅಂತ ಚೀಟಿ ಬಂದಿದೆ. ಬಲ್ಗೇರಿಯಾದ ಹೆಂಗಸರ ಮೇಳದ ಮಾತು ಹಾಗೇ ಉಳಿಯಿತು. ರಷ್ಯಾದ ತುವಾ ಪ್ರಾಂತ್ಯದ ಹುನ್-ಹುರ್-ತು ತಂಡವನ್ನು ನೀವೇ ಹುಡುಕಿ. ಅಲ್ಲಿ ಒಬ್ಬನೇ ಗಾಯಕ ಗಂಟಲಲ್ಲಿ ಶ್ರುತಿ ಹಿಡಿದು, ಅದರ ಮೇಲೆ ಸಿಳ್ಳೆಯಂಥ ಇನ್ನೊಂದು ದನಿ ತೆಗೆಯುತ್ತಾನೆ. ಹೆಡ್‌ಫೋನ್ ಹಾಕಿಕೊಂಡೇ ಕೇಳಿ.

ಈಗೊಂದು ರೆಕಾರ್ಡಿಂಗ್ ಹಾಕುತ್ತೇವೆ. ನುಡಿಸುತ್ತಿರುವವರು ಮಾಲಿಯ ತುಮಾನಿ ಜಬಾತೆ ಮತ್ತು ಬಲ್ಲಾಕೆ ಸಿಸ್ಸೊಕೊ. 1999ರಲ್ಲಿ ಬಂದ ಆಲ್ಬಮ್. ವಾದ್ಯ ಕೋರಾ: ದೊಡ್ಡ ಬುರುಡೆಯ ಅರ್ಧಕ್ಕೆ ಚರ್ಮ ಬಿಗಿದಿರುತ್ತಾರೆ, 21 ತಂತಿ. ಹೆಬ್ಬೆರಳು ಮಂದ್ರ ಸ್ವರಗಳನ್ನು ನೋಡಿಕೊಳ್ಳುತ್ತದೆ, ತೋರುಬೆರಳು ರಾಗವನ್ನು. ಇರುವುದು ಇಬ್ಬರೇ, ಆದರೆ ನಾಲ್ಕು ಜನ ನುಡಿಸುತ್ತಿದ್ದಾರೆ ಅನ್ನಿಸುತ್ತದೆ. ಸೌಂಡ್ ಸ್ವಲ್ಪ ಜಾಸ್ತಿ ಮಾಡಿ.