ಸಿಂಹ ಎಲ್ಲಿಗೂ ಓಡಿಹೋಗಲ್ಲ ಮಾರಾಯ್ರೆ

ನಾನು ನೈರೋಬಿಗೆ ಬಂದು ನಾಲ್ಕು ವರ್ಷವಾಯಿತು. ಊರಿಂದ ಫೋನ್ ಬಂದಾಗಲೆಲ್ಲ ಎರಡೇ ಪ್ರಶ್ನೆ. ಒಂದು, ‘ಅಲ್ಲಿ ಅಕ್ಕಿ ಸಿಗತ್ತಾ?’ ಇನ್ನೊಂದು, ‘ಸಿಂಹ ನೋಡಿದ್ಯಾ?’ ಅಕ್ಕಿ ಸಿಗುತ್ತದೆ, ಕರಿಬೇವೂ ಸಿಗುತ್ತದೆ. ಸಿಂಹವನ್ನೂ ನೋಡಿದ್ದೇನೆ. ಎಷ್ಟು ಅಂತ ಕೇಳಿದರೆ ಮಾತ್ರ ಹೇಳಲು ಬರುವುದಿಲ್ಲ. ಮೊದಲು ಡೈರಿಯಲ್ಲಿ ಬರೆದಿಡುತ್ತಿದ್ದೆ, ಯಾವ ತಾರೀಕು, ಎಷ್ಟು ಸಿಂಹ, ಎಷ್ಟು ಆನೆ. ಕಂಪನಿಯಲ್ಲಿ ನನ್ನ ಕೆಲಸ ಅಕೌಂಟ್ಸ್, ಚಟ ಬಿಡಬೇಕಲ್ಲ. ಆ ಡೈರಿ ಒಂದು ಆಗಸ್ಟ್ ತಿಂಗಳಲ್ಲಿ ನಿಂತುಹೋಯಿತು. ಯಾಕೆ ಅಂತ ಹೇಳುತ್ತೇನೆ.

ಕೀನ್ಯಾದ ವನ್ಯಧಾಮ ಮಸಾಯಿ ಮಾರಾ. ಬೆಳಗ್ಗೆ ಏಳೂವರೆ. ಹುಲ್ಲಿನ ಮೇಲೆ ಇನ್ನೂ ಇಬ್ಬನಿ. ಗೆದ್ದಲು ಹುತ್ತದ ಮೇಲೆ ಒಂದು ಹೆಣ್ಣು ಚೀತಾ ಕೂತಿತ್ತು. ನಮ್ಮ ಮಲೆನಾಡಲ್ಲಿ ರಾತ್ರಿ ಬಂದು ನಾಯಿ ಹೊತ್ತುಕೊಂಡು ಹೋಗುವ ಚಿರತೆ ಬೇರೆ, ಇದು ಬೇರೆ. ಇದು ಸಪೂರ, ಕಾಲು ಉದ್ದ. ಕಣ್ಣಿನಿಂದ ಬಾಯಿಯವರೆಗೆ ಕಪ್ಪು ಗೆರೆ, ಅತ್ತು ಅತ್ತು ಕಾಡಿಗೆ ಇಳಿದ ಹಾಗೆ. ಕೆಳಗೆ ಹುಲ್ಲಿನಲ್ಲಿ ಎರಡು ಮರಿ. ದೂರದಲ್ಲಿ ಪುಟ್ಟ ಪುಟ್ಟ ಜಿಂಕೆಗಳು, ಥಾಮ್ಸನ್ಸ್ ಗೆಜೆಲ್ ಅನ್ನುತ್ತಾರೆ. ಚೀತಾ ಹುತ್ತದಿಂದ ಇಳಿಯಿತು. ತಲೆ ತಗ್ಗಿಸಿ ಹೆಜ್ಜೆ ಹೆಜ್ಜೆಯಾಗಿ ಹೊರಟಿತು.

ಇಷ್ಟು ಹೇಳಿದರೆ ಟೀವಿಯಲ್ಲಿ ನೋಡಿದ ಹಾಗೇ ಇದೆ, ಅಲ್ವಾ? ಟೀವಿಯಲ್ಲಿ ತೋರಿಸದೇ ಇರುವುದು ಏನೆಂದರೆ ಸುತ್ತ 23 ಗಾಡಿ. ನಾನೇ ಎಣಿಸಿದ್ದು. ಚೀತಾ ಜಿಂಕೆ ಕಡೆ ನೋಡಬೇಕಾದರೆ ಎರಡು ಬಂಪರ್ ನಡುವಿನ ಸಂದಿಯಲ್ಲಿ ಇಣುಕಬೇಕಿತ್ತು. ಒಂದು ಸಲ ಎಡಕ್ಕೆ ಬಗ್ಗಿ ನೋಡಿತು, ಒಂದು ಸಲ ಬಲಕ್ಕೆ. ಸಿನಿಮಾ ಟಾಕೀಸಿನಲ್ಲಿ ಎತ್ತರದವರು ಮುಂದೆ ಕೂತಾಗ ನಾವು ಮಾಡುತ್ತೇವಲ್ಲ, ಹಾಗೆ.

ನನ್ನ ಮಗನಿಗೆ ಆಗ ಎಂಟು ವರ್ಷ. ‘ಅಪ್ಪಾ, ಕಾಣಲ್ಲ’ ಅಂದ. ನಾನು ಡ್ರೈವರ್‌ಗೆ ಸ್ವಲ್ಪ ಮುಂದೆ ತಗೋ ಅಂದೆ. ಅವನು ತಿರುಗಿ ನನ್ನ ಮುಖ ನೋಡಿದ, ಏನೂ ಹೇಳಲಿಲ್ಲ. ನಾನು 500 ಶಿಲ್ಲಿಂಗ್ ನೋಟು ತೆಗೆದು ಸೀಟಿನ ಪಕ್ಕದಿಂದ ಚಾಚಿದೆ. ಇಂಜಿನ್ ಗುರ್ ಅಂತು. ಗಾಡಿ ನಾಲ್ಕು ಮಾರು ಮುಂದೆ ಹೋಯಿತು, ಅಷ್ಟೇ. ಜಿಂಕೆಗಳೆಲ್ಲ ಒಟ್ಟಿಗೇ ತಲೆ ಎತ್ತಿದವು. ಮರುಕ್ಷಣ ಅಲ್ಲಿ ಏನೂ ಇರಲಿಲ್ಲ. ಚೀತಾ ಸ್ವಲ್ಪ ಹೊತ್ತು ಆ ಖಾಲಿ ಜಾಗವನ್ನೇ ನೋಡಿತು. ಆಮೇಲೆ ಹುಲ್ಲಿನಲ್ಲಿ ಮಲಗಿಬಿಟ್ಟಿತು.

ಬೇಜಾರು ಮಾಡಿಕೊಳ್ಳುವಷ್ಟು ಹೊತ್ತೂ ಸಿಗಲಿಲ್ಲ. ರೇಡಿಯೋದಲ್ಲಿ ಯಾರೋ ‘ಸಿಂಬಾ, ಸಿಂಬಾ’ ಅಂದರು. ಹೊಳೆ ಹತ್ತಿರ ಸಿಂಹ ಇದೆಯಂತೆ. ಐದು ನಿಮಿಷದಲ್ಲಿ 23 ಗಾಡಿಯೂ ಜಾಗ ಖಾಲಿ ಮಾಡಿದವು. ನಮ್ಮದೂ ಅದರಲ್ಲಿ ಒಂದು. ಮಗ ಹಿಂದಿನ ಕಿಟಕಿಯಲ್ಲಿ ನೋಡುತ್ತಾ ಕೇಳಿದ, ‘ಅದಕ್ಕೆ ತಿಂಡಿ ಸಿಗ್ಲಿಲ್ವಾ?’

ಇದೇನು ಒಂದು ದಿನದ ಕಥೆಯಾ ಅಂತ ಕೇಳಬಹುದು. ಅಲ್ಲ. ಮಾರಾದಲ್ಲಿ ಚೀತಾಗಳನ್ನು ನಾಲ್ಕು ವರ್ಷ ಹಿಂಬಾಲಿಸಿ ಮಾಡಿದ ಒಂದು ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಪ್ರವಾಸಿಗರು ಕಡಿಮೆ ಇರುವ ಕಡೆ ಒಂದು ತಾಯಿ ಒಂದು ಸೂಲಿಗೆ ಸರಾಸರಿ 2.3 ಮರಿಗಳನ್ನು ಬೆಳೆಸಿ ದೊಡ್ಡದು ಮಾಡುತ್ತಿತ್ತು. ಪ್ರವಾಸಿಗರು ಜಾಸ್ತಿ ಇರುವ ಕಡೆ? 0.2. ಅಂದರೆ ಐದು ಸೂಲಿಗೆ ಒಂದು ಮರಿ. ಯಾರೂ ಗಾಡಿ ಹತ್ತಿಸಿ ಕೊಂದಿದ್ದಲ್ಲ. ಬೇಟೆ ತಪ್ಪುತ್ತದೆ, ತಿನ್ನುತ್ತಿದ್ದದ್ದನ್ನು ಬಿಟ್ಟು ಏಳಬೇಕಾಗುತ್ತದೆ, ಗಾಬರಿ. ಹೀಗೆ ಚೂರು ಚೂರು ಸೇರಿ ಅಷ್ಟಾಗಿರಬಹುದು ಅನ್ನುತ್ತಾರೆ. ನನ್ನ 500 ಶಿಲ್ಲಿಂಗ್ ಅದರಲ್ಲಿ ಒಂದು ಚೂರು.

ಆಮೇಲೆ ತುಂಬಾ ಯೋಚನೆ ಮಾಡಿದೆ. ನನಗೆ ಈ ಆತುರ ಬಂದದ್ದಾದರೂ ಎಲ್ಲಿಂದ? ಉತ್ತರ ಸಿಕ್ಕಿದ್ದು ಕಬಿನಿಯಲ್ಲಿ.

ಕಬಿನಿ, ಬಂಡೀಪುರದ ಸಫಾರಿ ನೆನಪು ಮಾಡಿಕೊಳ್ಳಿ. ಎರಡೂ ಕಡೆ ಲಂಟಾನ, ಅದರ ಹಿಂದೆ ಮರ. ಹುಲಿ ಹತ್ತು ಅಡಿ ದೂರದಲ್ಲಿದ್ದರೂ ಕಾಣುವುದಿಲ್ಲ. ಅಲ್ಲಿ ಕೆಲಸ ಮಾಡುವುದು ಕಣ್ಣಲ್ಲ, ಕಿವಿ. ಜಿಂಕೆ ಕೂಗಿತು, ಮುಸುವ ಕೂಗಿತು ಅಂದರೆ ಡ್ರೈವರ್ ಗಾಡಿ ತಿರುಗಿಸುತ್ತಾನೆ. ಹುಲಿ ರಸ್ತೆ ದಾಟಲು ಅರ್ಧ ನಿಮಿಷ. ಆ ಅರ್ಧ ನಿಮಿಷ ತಪ್ಪಿದರೆ ಮುಂದಿನ ರಜೆಯವರೆಗೆ ಕಾಯಬೇಕು. ಅಲ್ಲಿ ಆತುರಕ್ಕೆ ಒಂದು ಅರ್ಥ ಇದೆ. ನಾವೆಲ್ಲ ಸಫಾರಿ ಕಲಿತದ್ದೇ ಹಾಗೆ.

ಆ ಅಭ್ಯಾಸವನ್ನು ಸೂಟ್‌ಕೇಸಿನಲ್ಲಿ ತುಂಬಿಕೊಂಡು ಮಾರಾಗೆ ಬರುತ್ತೇವೆ. ಮಾರಾದಲ್ಲಿ ಅಡಗುವುದಕ್ಕೆ ಏನಿದೆ? 1,510 ಚದರ ಕಿಲೋಮೀಟರ್, ಹೆಚ್ಚು ಪಾಲು ಬಯಲು. ಅಲ್ಲೊಂದು ಇಲ್ಲೊಂದು ಜಾಲಿಯಂಥ ಮರ. ಸಿಂಹ ದಿನದಲ್ಲಿ ಹದಿನೆಂಟು, ಇಪ್ಪತ್ತು ಗಂಟೆ ಬಿದ್ದುಕೊಂಡಿರುವ ಪ್ರಾಣಿ. ಬೆಳಗ್ಗೆ ಕಂಡ ಕಡೆಯೇ ಸಂಜೆಯೂ ಇರುತ್ತದೆ, ಬಹಳ ಅಂದರೆ ನೆರಳಿನ ಜೊತೆ ನಾಲ್ಕು ಅಡಿ ಸರಿದಿರುತ್ತದೆ. ಎಲ್ಲಿಗೂ ಓಡಿಹೋಗಲ್ಲ ಮಾರಾಯ್ರೆ! ಕೂತು ನೋಡಬಹುದಾದ ಜಾಗದಲ್ಲಿ ನಾವು ಇಣುಕಿ ಓಡುತ್ತಿದ್ದೇವೆ.

ಇನ್ನು ಆ ‘ಬಿಗ್ ಫೈವ್’. ಸಿಂಹ, ಚಿರತೆ, ಆನೆ, ಕಾಡೆಮ್ಮೆ, ಘೇಂಡಾಮೃಗ. ಪ್ರತಿ ಕ್ಯಾಂಪಿನಲ್ಲೂ ಬೋರ್ಡ್, ಟೀ ಶರ್ಟ್, ಕೀ ಚೈನ್. ಊಟದ ಹೊತ್ತಿಗೆ ಪಕ್ಕದ ಟೇಬಲ್‌ನವರು ‘ನಮ್ಮದು ನಾಲ್ಕಾಯ್ತು, ನಿಮ್ಮದು?’ ಅಂತ ಕೇಳುತ್ತಾರೆ, ಬಸ್ಸಿನಲ್ಲಿ ಪಿಯುಸಿ ಮಾರ್ಕ್ಸ್ ಕೇಳಿದ ಹಾಗೆ. ಈ ಪಟ್ಟಿ ಮಾಡಿದವರು ಬೇಟೆಗಾರರು. ನೆಲದ ಮೇಲೆ ನಿಂತು ಹೊಡೆಯಲು ಯಾವುದು ಕಷ್ಟ, ಯಾವುದು ಅಪಾಯ ಅನ್ನುವ ಲೆಕ್ಕ ಅದು. ಕೀನ್ಯಾ ಬೇಟೆಯನ್ನು 1977ರಲ್ಲೇ ನಿಷೇಧಿಸಿತು. ಬಂದೂಕು ಹೋಯಿತು, ಪಟ್ಟಿ ಉಳಿಯಿತು. ಅದರಲ್ಲಿ ಜಿರಾಫೆ ಇಲ್ಲ, ಚೀತಾ ಇಲ್ಲ, ನೀರಾನೆ ಇಲ್ಲ. ಯಾರದೋ ಅಜ್ಜ ಬರೆದಿಟ್ಟ ದಿನಸಿ ಚೀಟಿ ಹಿಡಿದುಕೊಂಡು ನಾವು ಅಂಗಡಿಗೆ ಹೋಗುತ್ತಿದ್ದೇವೆ.

ಡ್ರೈವರ್‌ಗಳನ್ನು ಬೈಯುವುದು ಸುಲಭ. ನಾನು ಬೈಯುವುದಿಲ್ಲ. ಅವರ ಹೊಟ್ಟೆಪಾಡು ನಮ್ಮ ಮುಖದ ಮೇಲಿನ ನಗುವಿನಲ್ಲಿದೆ. ಐದಕ್ಕೆ ಐದೂ ತೋರಿಸಿದವನಿಗೆ ಕೈತುಂಬಾ ಟಿಪ್, ಎರಡೇ ತೋರಿಸಿದವನಿಗೆ ಬರೀ ಥ್ಯಾಂಕ್ಸ್. ಹೀಗಿದ್ದ ಮೇಲೆ ಅವನು ರೇಡಿಯೋ ಹಿಡಿದುಕೊಂಡು ಓಡದೆ ಇನ್ನೇನು ಮಾಡುತ್ತಾನೆ? ನಿಯಮ ಇಲ್ಲ ಅಂತಲ್ಲ. ಒಂದು ಪ್ರಾಣಿಯ ಹತ್ತಿರ ಐದಕ್ಕಿಂತ ಹೆಚ್ಚು ಗಾಡಿ ಇರಬಾರದು, 25 ಮೀಟರ್ ದೂರ ಇರಬೇಕು, ಬೇರೆಯವರು ಕಾಯುತ್ತಿದ್ದರೆ ಹತ್ತು ನಿಮಿಷಕ್ಕೆ ಜಾಗ ಬಿಡಬೇಕು. ಎಲ್ಲರಿಗೂ ಗೊತ್ತು. ರೇಂಜರ್ ಗಾಡಿ ಕಂಡರೆ ಎಲ್ಲರೂ ಪಾಲಿಸುತ್ತಾರೆ ಕೂಡ, ಟ್ರಾಫಿಕ್ ಪೊಲೀಸ್ ಕಂಡಾಗ ಹೆಲ್ಮೆಟ್ ಹಾಕಿಕೊಂಡ ಹಾಗೆ.

ಸ್ವಾಹಿಲಿಯಲ್ಲಿ ಗಾಡಿಗೆ ‘ಗಾರಿ’ ಅನ್ನುತ್ತಾರೆ, ನಮ್ಮ ಕಡೆಯಿಂದಲೇ ಬಂದ ಪದ. ಚಾಯ್, ಚಪಾತಿ ಕೂಡ ಹಾಗೇ. ಈಗ ನಾನು ಯಾವಾಗಲೂ ಕರೆಯುವ ಡ್ರೈವರ್ ಒಂದು ಮಾತು ಹೇಳುತ್ತಾನೆ. ‘ಹರಾಕಾ ಹರಾಕಾ ಹೈನಾ ಬರಾಕಾ.’ ಅವಸರಕ್ಕೆ ಬರಕತ್ತು ಇಲ್ಲ ಅಂತ. ಧಾರವಾಡದ ನನ್ನ ಗೆಳೆಯನಿಗೆ ಇದನ್ನು ಅನುವಾದ ಮಾಡಿ ಹೇಳುವ ಅಗತ್ಯವೇ ಬೀಳಲಿಲ್ಲ. ‘ಅಲ್ಲೋ, ಇದು ನಮ್ಮ ಅಜ್ಜಿ ಮಾತು’ ಅಂದ. ಈ ಡ್ರೈವರ್ ಜೊತೆ ನನ್ನದೊಂದು ಒಪ್ಪಂದ ಇದೆ. ಟಿಪ್ ಹೊರಡುವ ಮೊದಲೇ ಕೊಟ್ಟುಬಿಡುತ್ತೇನೆ. ರೇಡಿಯೋ ಬಂದ್. ಮೊದಲ ಸಲ ಹೀಗೆ ಹೇಳಿದಾಗ ಅವನಿಗೆ ನಂಬಿಕೆ ಬರಲಿಲ್ಲ. ಸಾಹೇಬರಿಗೆ ಹುಷಾರಿಲ್ಲವೇನೋ ಅಂದುಕೊಂಡನಂತೆ.

ಹೋದ ವರ್ಷ ಅವನ ಜೊತೆ ಮಾರಾ ನದಿ ದಂಡೆಗೆ ಹೋಗಿದ್ದೆವು. ವೈಲ್ಡ್‌ಬೀಸ್ಟ್ ಅನ್ನುವ, ದನದಂಥ ದೊಡ್ಡ ಜಿಂಕೆಗಳು ನದಿ ದಾಟುವುದನ್ನು ನೋಡಲು. ಸುಮಾರು 13 ಲಕ್ಷ ವೈಲ್ಡ್‌ಬೀಸ್ಟ್, ಜೊತೆಗೆ ಜೀಬ್ರಾ. ತಾಂಜಾನಿಯಾದ ಸೆರೆಂಗೆಟಿಯಿಂದ ಹುಲ್ಲು ಹುಡುಕಿಕೊಂಡು ಈ ಕಡೆ ಬಂದು ಮತ್ತೆ ಸುತ್ತಿ ವಾಪಸ್ ಹೋಗುತ್ತವೆ. ಜುಲೈಯಿಂದ ಅಕ್ಟೋಬರ್ ತನಕ ನದಿಯ ಎರಡೂ ಕಡೆ ಜಾತ್ರೆ. ನಾವು ದಂಡೆಯಿಂದ ಚೆನ್ನಾಗಿಯೇ ದೂರ, ಒಂದು ಮರದ ಕೆಳಗೆ ನಿಲ್ಲಿಸಿದೆವು. ಹೆಂಡತಿ ಡಬ್ಬಿ ತೆಗೆದಳು. ಚಪಾತಿ, ಚಟ್ನಿಪುಡಿ.

ಆಚೆ ದಡದಲ್ಲಿ ಹಿಂಡು ಸೇರುತ್ತಾ ಹೋಯಿತು. ಮುಂದಿನದು ನೀರಿನ ತನಕ ಬರುತ್ತದೆ, ಮೂಸುತ್ತದೆ, ಹಿಂದೆ ಸರಿಯುತ್ತದೆ. ಹಿಂದಿನವು ತಳ್ಳುತ್ತವೆ. ಕೂಗು ಹೇಗಿದೆ ಗೊತ್ತಾ? ಎಮ್ಮೆ ಕರುವಿಗೆ ನೆಗಡಿಯಾದ ಹಾಗೆ, ‘ಗ್ನೂ, ಗ್ನೂ’ ಅಂತ. ಅದಕ್ಕೇ ಅದರ ಇನ್ನೊಂದು ಹೆಸರೂ ಗ್ನೂ. ನೀರಿನಲ್ಲಿ ಮೊಸಳೆ ಬೆನ್ನು. ದಂಡೆಯಲ್ಲಿ ಮರಬೂ ಕೊಕ್ಕರೆಗಳು ಸಾಲಾಗಿ ನಿಂತಿದ್ದವು, ಬೋಳು ತಲೆ, ಬೆನ್ನಿಗೆ ಕಪ್ಪು ಶಾಲು ಹೊದ್ದ ಹಾಗೆ. ಮದುವೆ ಮನೆಯಲ್ಲಿ ಎರಡನೇ ಪಂಕ್ತಿಗೆ ಕಾಯುವ ಯಜಮಾನರು ನೆನಪಾದರು. ಅವಕ್ಕೆ ಗೊತ್ತು, ಊಟ ಇದ್ದೇ ಇರುತ್ತದೆ ಅಂತ. ಈ ನದಿಯಲ್ಲಿ ವರ್ಷಕ್ಕೆ ಸರಾಸರಿ ಆರು ಸಾವಿರಕ್ಕೂ ಹೆಚ್ಚು ವೈಲ್ಡ್‌ಬೀಸ್ಟ್ ಮುಳುಗಿಯೇ ಸಾಯುತ್ತವೆ. ಮೊಸಳೆಗೆ ಸಿಕ್ಕಿದ್ದು ಇದರಲ್ಲಿ ಸೇರಿಲ್ಲ.

ಮೂರೂವರೆ ಗಂಟೆ ಕಾದೆವು. ಯಾಕೋ ಏನೋ, ಒಂದು ಜೀಬ್ರಾ ತಿರುಗಿ ಮೇಲೆ ಹತ್ತಿತು. ಅದರ ಹಿಂದೆ ಇಡೀ ಹಿಂಡು. ಧೂಳು ಎದ್ದಿತು. ಧೂಳು ಇಳಿದಾಗ ಆಚೆ ದಡ ಖಾಲಿ.

ನಿಜ ಹೇಳುತ್ತೇನೆ, ಇಷ್ಟು ವರ್ಷದಲ್ಲಿ ನಾನು ನೋಡಿದ ಅತಿ ಒಳ್ಳೆಯ ಸಫಾರಿ ಅದೇ. ಆ ಪ್ರಾಣಿ ಏನು ಯೋಚನೆ ಮಾಡುತ್ತಿದೆ ಅಂತ ಅಷ್ಟು ಹೊತ್ತು ಯೋಚನೆ ಮಾಡಿದ್ದು ನನ್ನ ಜೀವನದಲ್ಲಿ ಅದೇ ಮೊದಲು. 2025ರ ಜುಲೈನಲ್ಲಿ ಸೆರೆಂಗೆಟಿ ಕಡೆಯ ಒಂದು ವಿಡಿಯೋ ಎಲ್ಲೆಡೆ ಓಡಾಡಿತು, ನೀವೂ ನೋಡಿರಬಹುದು. ಜನ ಗಾಡಿಯಿಂದ ಇಳಿದು ದಂಡೆಗೇ ಹೋಗಿ ಮೊಬೈಲ್ ಹಿಡಿದು ನಿಂತಿದ್ದಾರೆ. ವೈಲ್ಡ್‌ಬೀಸ್ಟ್‌ಗೆ ದಾರಿಯೇ ಇಲ್ಲ. ಅವರಿಗೂ ಆ ದಿನ ‘ದಾಟಿದ್ದು’ ಬೇಕಿತ್ತು.

‘ನೀನು ಅಲ್ಲೇ ಇರುವವನು, ನಿನಗೆ ಪುರುಸೊತ್ತಿದೆ’ ಅಂತ ಬೆಂಗಳೂರಿನ ಗೆಳೆಯರು ಬೈಯುತ್ತಾರೆ. ಅದೂ ಸರಿಯೇ. ಹೊರದೇಶದಿಂದ ಬಂದವರಿಗೆ ಜುಲೈಯಿಂದ ಡಿಸೆಂಬರ್ ತನಕ ಮಾರಾ ಪ್ರವೇಶಕ್ಕೇ ದಿನಕ್ಕೆ 200 ಡಾಲರ್. ವರ್ಕ್ ಪರ್ಮಿಟ್ ಇರುವ ನನಗೆ ಅದಕ್ಕಿಂತ ಕಡಿಮೆ. ಸಾಲ ಮಾಡಿ ಮೂರು ದಿನಕ್ಕೆ ಬಂದವನಿಗೆ ‘ಸುಮ್ನೆ ಕೂತ್ಕೋ’ ಅಂದರೆ ಕೋಪ ಬರುತ್ತದೆ. ನಾನು ಕೇಳುವುದು ಇಷ್ಟೇ, ಮೂರರಲ್ಲಿ ಒಂದು ಬೆಳಗ್ಗೆ ಒಂದೇ ಜಾಗದಲ್ಲಿ ಗಾಡಿ ನಿಲ್ಲಿಸಿ. ಉಳಿದೆರಡು ದಿನ ಬೇಕಾದರೆ ಓಡಿ. ಆದರೆ ನಮ್ಮ ಹಾಗೆ ಇಲ್ಲೇ ಕೆಲಸ ಮಾಡುವವರು ಇದ್ದಾರಲ್ಲ, ಅವರಿಗೆ ನನ್ನ ಹತ್ತಿರ ರಿಯಾಯಿತಿ ಇಲ್ಲ. ನಮಗೆ ಭಾನುವಾರಗಳಿವೆ. ನೈರೋಬಿ ನ್ಯಾಷನಲ್ ಪಾರ್ಕ್ ಇದೆ. 117 ಚದರ ಕಿಲೋಮೀಟರ್, 1946ರಿಂದ. ಊರ ಮಧ್ಯದಿಂದ ಏಳು ಕಿಲೋಮೀಟರ್. ಘೇಂಡಾಮೃಗ ಮೇಯುತ್ತಿರುತ್ತದೆ, ಹಿಂದೆ ನನ್ನ ಆಫೀಸಿನ ಕಡೆಯ ಬಿಲ್ಡಿಂಗ್‌ಗಳು ಕಾಣುತ್ತವೆ. ಮೇಲೆ ಸೇತುವೆಯಲ್ಲಿ ಮೊಂಬಾಸಾ ರೈಲು.

ಅಲ್ಲಿ ಒಂದು ಕೆರೆ ಪಕ್ಕ ನಾವು ಒಂದು ಕಾಡುಹಂದಿ ಸಂಸಾರ ನೋಡುತ್ತೇವೆ. ವಾರ್ಟ್‌ಹಾಗ್. ಆ ಬಿಗ್ ಫೈವ್ ಪಟ್ಟಿಯಲ್ಲಿ ಇಲ್ಲದ ಪ್ರಾಣಿ. ಮುಂಗಾಲು ಮಡಿಸಿ, ಅದರ ಮೇಲೇ ಊರಿಕೊಂಡು ಹುಲ್ಲು ಮೇಯುತ್ತದೆ. ಮಡಿಸುವ ಕಡೆ ಚರ್ಮ ದಪ್ಪಗಟ್ಟಿರುತ್ತದೆ, ಒಂಟೆ ಮಂಡಿಯ ಹಾಗೆ. ಓಡುವಾಗ ಬಾಲ ಆಂಟೆನಾ ತರ ನೆಟ್ಟಗೆ. ಬಿಲಕ್ಕೆ ಹೋಗುವಾಗ ಮರಿಗಳು ತಲೆ ಮುಂದೆ ಮಾಡಿ ನುಗ್ಗುತ್ತವೆ. ತಾಯಿ ಮಾತ್ರ ತಿರುಗಿ ನಿಂತು, ರಿವರ್ಸ್ ಗೇರ್ ಹಾಕಿ ಒಳಗೆ ಹೋಗುತ್ತದೆ, ಕೋರೆ ಬಾಗಿಲ ಕಡೆಗೇ ಇರಲಿ ಅಂತ. ಮಗ ಇದನ್ನು ಕಂಡುಹಿಡಿದದ್ದು ಮೂರನೇ ಭಾನುವಾರ. ಮೊದಲ ಎರಡು ಭಾನುವಾರ ನಮ್ಮ ಕಣ್ಣೆದುರೇ ನಡೆದರೂ ನಮಗೆ ಕಂಡಿರಲಿಲ್ಲ.

ಮುಂದಿನ ತಿಂಗಳು ಅಪ್ಪ ಬರುತ್ತಿದ್ದಾರೆ. ಸಕಲೇಶಪುರದ ಹತ್ತಿರ ನಮ್ಮ ಊರು. ಆನೆ ನಮ್ಮ ಗದ್ದೆಗೆ ಇಳಿದು ಈ ವರ್ಷವೂ ಭತ್ತ ತುಳಿದಿದೆ. ‘ದುಡ್ಡು ಕೊಟ್ಟು ಅಷ್ಟು ದೂರ ಬಂದು ಆನೆ ನೋಡ್ಬೇಕೇನೋ? ಇಲ್ಲಿ ಅದೇ ಬಂದು ನಮ್ಮನ್ನ ನೋಡ್ಕೊಂಡು ಹೋಗತ್ತೆ’ ಅಂತ ಫೋನಿನಲ್ಲಿ ನಕ್ಕರು. ಸಿಂಹದ ಸುದ್ದಿಯನ್ನೇ ಎತ್ತಲಿಲ್ಲ. ಸಂಜೆ ಹೊತ್ತು ಜಗಲಿ ಮೇಲೆ ಕೂತು, ಕೊಟ್ಟಿಗೆಗೆ ಬರುವ ದನಗಳನ್ನು ಎರಡು ಗಂಟೆ ನೋಡುತ್ತಾ ಇರುವ ಮನುಷ್ಯ ಅವರು. ಆಮೇಲೆ ಸ್ವಲ್ಪ ತಡೆದು ಕೇಳಿದರು, ‘ಆ ಪಟ್ಟೆ ಕುದುರೆ ಇದ್ಯಲ್ಲ, ಅದು ಮಲ್ಕೊಳ್ಳೋದು ನಿಂತೋ, ಕೂತೋ?’

ನಾಲ್ಕು ವರ್ಷವಾಯಿತು ನಾನು ಇಲ್ಲಿಗೆ ಬಂದು. ಸಾವಿರಾರು ಜೀಬ್ರಾ ನೋಡಿದ್ದೇನೆ. ‘ಬನ್ನಿ ಅಪ್ಪ, ಒಟ್ಟಿಗೆ ನೋಡೋಣ’ ಅಂದೆ.